ಪಾಂಡಾಕ್ಕೆ ಎಷ್ಟು ಬಣ್ಣ ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯ ಮಕ್ಕಳ ಪುಟದಲ್ಲಿ ಬಣ್ಣ ಹಚ್ಚಲು ಒಂದು ಪಾಂಡಾ ಚಿತ್ರ ಕೊಟ್ಟಿದ್ದೆವು. ಮಕ್ಕಳಿಗೆ ಅಂತ ಕೊಟ್ಟದ್ದು, ಆದರೆ ಪತ್ರ ಬರೆದವರಲ್ಲಿ ದೊಡ್ಡವರೇ ಜಾಸ್ತಿ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಳೆ ಜೋರಾಗಿ ಮೂರು ದಿನದಿಂದ ಶಾಲೆಗೆ ರಜೆ. ಮಗಳಿಗೆ ಐದು ವರ್ಷ. ಜೆರಾಕ್ಸ್ ಅಂಗಡಿಯಲ್ಲಿ ನಿಮ್ಮ ಪಾಂಡಾದ ಹತ್ತು ಪ್ರತಿ ಮಾಡಿಸಿ ತಂದೆ. ಅವಳು ಕಪ್ಪು ಕ್ರಯಾನ್ ಹಿಡಿದು ಇಡೀ ಪಾಂಡಾಕ್ಕೆ ಗೀಚಿ, ಎರಡೇ ನಿಮಿಷದಲ್ಲಿ "ಆಯ್ತಮ್ಮ, ಇನ್ನೊಂದು ಕೊಡು" ಅಂತಾಳೆ. ಇರುವುದೇ ಎರಡು ಬಣ್ಣ. ಏನು ಮಾಡಲಿ?
(ಒಬ್ಬ ಅಮ್ಮ, ಸುರತ್ಕಲ್)

ಉತ್ತರ: ಕ್ರಯಾನ್ ಕೊಡುವ ಮೊದಲು ಪಾಂಡಾವನ್ನು ತೋರಿಸಿ. ಕಾರ್ಟೂನ್ ಬೇಡ, ನಿಜವಾದ ಪಾಂಡಾದ ಫೋಟೋ. ಇಬ್ಬರೂ ಕೂತು ನೋಡಿ, ಎಲ್ಲೆಲ್ಲಿ ಕಪ್ಪು ಇದೆ ಅಂತ ಅವಳೇ ಬೆರಳಿಟ್ಟು ಹೇಳಲಿ. ಕಿವಿ, ಮೂಗು, ಕಾಲುಗಳು. ಕಣ್ಣಿನ ಸುತ್ತ ಇರುವ ಕಪ್ಪು ದುಂಡಗಿಲ್ಲ, ಕೆಳಗೆ ಜಾರಿದ ಗೇರುಬೀಜದ ಹಾಗಿದೆ. ಮುಂಗಾಲಿನ ಕಪ್ಪು ಕಾಲಿಗೇ ನಿಲ್ಲುವುದಿಲ್ಲ, ಹೆಗಲ ಮೇಲೆ ಹಾದು ಬೆನ್ನಿನ ಆಚೆ ಬದಿಗೂ ಹೋಗುತ್ತದೆ, ಶಾಲು ಹೊದ್ದ ಹಾಗೆ. ಇನ್ನು ಬಾಲ? ಬಾಲ ಬಿಳಿ. ಇದನ್ನು ದೊಡ್ಡವರೇ ತಪ್ಪು ಮಾಡಿ ಕಪ್ಪು ಬಳಿದುಬಿಡುತ್ತಾರೆ. "ಬಾಲ ಯಾವ ಬಣ್ಣ ನೋಡು" ಅಂತ ಅವಳನ್ನೇ ಕೇಳಿ, ಅದನ್ನು ಕಂಡುಹಿಡಿದ ಮೇಲೆ ಮನೆಯವರಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಪಾಂಡಾ ಚಿತ್ರದಲ್ಲಿ ಕಷ್ಟ ಇರುವುದು ಕಪ್ಪು ಹಚ್ಚುವುದರಲ್ಲಿ ಅಲ್ಲ, ಬಿಳಿಯನ್ನು ಬಿಡುವುದರಲ್ಲಿ. ಅದಕ್ಕೆ ಒಂದು ಉಪಾಯ ಇದೆ, ನನ್ನ ತಂಗಿಯ ಮಗನ ಜೊತೆ ಕೂತು ಎಷ್ಟೋ ಸಲ ಮಾಡಿದ್ದೇನೆ. ದಪ್ಪ ಡ್ರಾಯಿಂಗ್ ಶೀಟಿನಲ್ಲಿ ಪಾಂಡಾ ಬರೆದು, ಬಿಳಿ ಇರಬೇಕಾದ ಜಾಗಕ್ಕೆಲ್ಲ ಮೇಣದ ಬತ್ತಿಯಿಂದ ಒತ್ತಿ ಉಜ್ಜಬೇಕು. ಹಾಳೆಯಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ನೀರು ಜಾಸ್ತಿ ಹಾಕಿದ ನೀಲಿ ಬಣ್ಣವನ್ನು ಇಡೀ ಹಾಳೆಗೆ ಬ್ರಷ್‌ನಲ್ಲಿ ಎಳೆಯಬೇಕು. ಮೇಣ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಸಣ್ಣ ಸಣ್ಣ ಹನಿಯಾಗಿ ಜಾರುತ್ತದೆ, ಕೆಸುವಿನ ಎಲೆಯ ಮೇಲೆ ಜಾರುತ್ತದಲ್ವಾ, ಹಾಗೆ. ನೀಲಿ ಮಧ್ಯದಿಂದ ಬಿಳಿ ಹೊಟ್ಟೆ, ಬಿಳಿ ಮುಖ ಎದ್ದು ಬರುತ್ತದೆ. ಅವನು ಮೊದಲ ಸಲ ನೋಡಿದಾಗ ಬ್ರಷ್ ಎತ್ತಿ ಹಿಡಿದು ಹಾಗೇ ಕೂತಿದ್ದ, ಮಾತೇ ಇಲ್ಲ. ಹಾಳೆ ಒಣಗಿದ ಮೇಲೆ ಕಪ್ಪು ಹಚ್ಚಿ. ಯಾವಾಗಲೂ ಕಪ್ಪು ಕೊನೆಗೆ, ಮೊದಲೇ ಹಚ್ಚಿದರೆ ಕೈಗೆ ಅಂಟಿ ಬಿಳಿಯೆಲ್ಲ ಕೊಳೆ.

ಇನ್ನೊಂದು ದಿನಕ್ಕೆ ಮರಿಯ ಕತೆ ಹೇಳಿ. ಹುಟ್ಟಿದ ಪಾಂಡಾ ಮರಿ ಸುಮಾರು 100 ಗ್ರಾಂ, ಒಂದು ಸೋಪಿನಷ್ಟು, ಅಷ್ಟೇ. ಬಣ್ಣ ಗುಲಾಬಿ! ಕಪ್ಪು ಬಿಳುಪು ಮೂಡುವುದು ಆಮೇಲೆ, ಕೆಲವು ವಾರಗಳಲ್ಲಿ. ಒಂದೇ ಹಾಳೆಯಲ್ಲಿ ಗುಲಾಬಿ ಮರಿ, ಸ್ವಲ್ಪ ದೊಡ್ಡ ಮರಿ, ತಾಯಿ ಅಂತ ಮೂರು ಬರೆದು ಕೊಟ್ಟರೆ ಒಂದು ಬೆಳಿಗ್ಗೆ ಕಳೆಯುತ್ತದೆ.

ಮತ್ತೆ ಬಿದಿರು. ದೊಡ್ಡ ಪಾಂಡಾ ದಿನಕ್ಕೆ 12ರಿಂದ 38 ಕಿಲೋದಷ್ಟು ಬಿದಿರು ತಿನ್ನುತ್ತದೆ, ಎಳೆ ಮೊಳಕೆ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ. ಅಂದರೆ ನಮ್ಮ ಕಣಿಲೆ. ನಾವು ಮಳೆಗಾಲದ ಆಟಿ ತಿಂಗಳಲ್ಲಿ ಹೆಚ್ಚಿ, ನೀರಲ್ಲಿ ನೆನೆಹಾಕಿ, ನೀರು ಬದಲಿಸಿ ಮತ್ತೆ ಪಲ್ಯ ಮಾಡುವುದನ್ನು ಅದು ಹಸಿಯಾಗಿಯೇ ತಿನ್ನುತ್ತದೆ. ಪೇಟೆಯಲ್ಲಿ ಕಣಿಲೆ ಬಂದಾಗ ಒಂದು ತಂದು ಮಗಳ ಕೈಗೆ ಕೊಟ್ಟು ಸಿಪ್ಪೆ ಬಿಡಿಸಲಿ. ಆಮೇಲೆ ರಟ್ಟಿನ ತುಂಡಿನ ಅಂಚನ್ನು ಹಸಿರು ಬಣ್ಣಕ್ಕೆ ಅದ್ದಿ ಹಾಳೆಗೆ ಒತ್ತಲಿ, ಒಂದರ ಮೇಲೊಂದು ಗೆರೆ ಬಂದರೆ ಬಿದಿರಿನ ಗಂಟೇ ಬಂತು.

ಅವಳು ಇಷ್ಟಾದ ಮೇಲೂ ಇಡೀ ಪಾಂಡಾಕ್ಕೆ ಕಪ್ಪು ಗೀಚಿದರೆ ದಯವಿಟ್ಟು ಕೈಯಿಂದ ಕ್ರಯಾನ್ ಕಿತ್ತುಕೊಂಡು ಸರಿಮಾಡಲು ಹೋಗಬೇಡಿ. ಐದು ವರ್ಷಕ್ಕೆ ಒತ್ತಿ ಗೀಚುವುದೇ ಒಂದು ಸುಖ.

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷ. ಮಗಳು ಬಣ್ಣ ಹಚ್ಚುವ ಪುಸ್ತಕ ತಂದುಕೊಟ್ಟಿದ್ದಾಳೆ, ದೊಡ್ಡವರದ್ದಂತೆ. ಬಿದಿರಿನ ನಡುವೆ ಪಾಂಡಾ, ಮೈತುಂಬಾ ಸಣ್ಣ ಸಣ್ಣ ಹೂವು ಎಲೆ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಕೂತರೆ ಮನಸ್ಸು ಹಗುರ ಆಗುತ್ತದೆ. ಆದರೆ ಯಾರಾದರೂ ಬಂದರೆ ಪುಸ್ತಕ ಅಡಗಿಸುತ್ತೇನೆ. ಮತ್ತೆ, ನಾನು ಹಚ್ಚಿದ ಕಪ್ಪು ಸತ್ತ ಹಾಗೆ ಕಾಣುತ್ತದೆ, ಯಾಕೆ?
(ಓದುಗರು, ಉಡುಪಿ)

ಉತ್ತರ: ಅಡಗಿಸಬೇಡಿ. ಮೂವತ್ತು ನಲವತ್ತು ವರ್ಷ ಲೆಕ್ಕದ ಅಂಕಿ ನೋಡಿದ ಕಣ್ಣಿಗೆ ಹಸಿರು ನೀಲಿ ನೋಡುವ ಆಸೆ ಇರುವುದಿಲ್ವಾ? ಮನಸ್ಸು ಹಗುರ ಆಗುವುದು ನಿಮ್ಮ ಭ್ರಮೆಯೂ ಅಲ್ಲ. 2005ರಲ್ಲಿ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ಖಾಲಿ ಹಾಳೆಯಲ್ಲಿ ತಮಗೆ ಬೇಕಾದ ಹಾಗೆ ಬಣ್ಣ ಹಚ್ಚಿದವರಿಗಿಂತ, ಮಂಡಲದಂಥ ಜೋಡಿಸಿದ ಗೆರೆಗಳಿಗೆ ಬಣ್ಣ ಹಚ್ಚಿದವರ ಆತಂಕ ಜಾಸ್ತಿ ಇಳಿದಿತ್ತು. ಇದು ಮದ್ದಲ್ಲ ನಿಜ, ನಿದ್ದೆಯೇ ಬಾರದಷ್ಟು ಚಿಂತೆ ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಆದರೆ ಊಟ ಆದ ಮೇಲಿನ ಆ ಒಂದು ಗಂಟೆ ನಿಮ್ಮದು.

ಈಗ ಕಪ್ಪಿನ ಮಾತು. ಕಪ್ಪು ಪೆನ್ಸಿಲನ್ನು ಒಂದೇ ಸಲ ಒತ್ತಿ ಹಚ್ಚಿದರೆ ಹಾಳೆ ಮೇಣ ಸವರಿದ ಹಾಗೆ ಮಿನುಗುತ್ತದೆ, ಆಮೇಲೆ ಬೇರೆ ಬಣ್ಣ ಕೂರುವುದಿಲ್ಲ. ಹಾಗೆ ಮಾಡಬೇಡಿ. ಮೊದಲು ಕಡು ನೀಲಿ, ಹಗುರವಾಗಿ. ಅದರ ಮೇಲೆ ಕಡು ಕಂದು. ಕೊನೆಗೆ ಕಪ್ಪು, ಅದೂ ಎರಡು ಮೂರು ಸಲ, ರೋಮ ಯಾವ ಕಡೆಗೆ ಬೆಳೆದಿದೆಯೋ ಆ ಕಡೆಗೇ ಗೆರೆ ಎಳೆಯುತ್ತಾ. ಕಿವಿಯ ಮೇಲಂಚಿನಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ನೀಲಿಯನ್ನು ಹಾಗೇ ಬಿಡಿ, ಅಲ್ಲಿ ಬೆಳಕು ಬಿದ್ದ ಹಾಗೆ ಕಾಣುತ್ತದೆ. ಹೊಟ್ಟೆಯ ಬಿಳಿಗೂ ಸ್ವಲ್ಪ ಕೆಲಸ ಇದೆ: ಕೆಳಗಿನ ಮಡಿಕೆಯಲ್ಲಿ ತಿಳಿ ಬೂದು, ಅಂಗೈ ಕೆಳಗೆ ಒಂದು ಖಾಲಿ ಕಾಗದ ಇಟ್ಟುಕೊಂಡು ಹಚ್ಚಿ. ಬಿದಿರಿಗೆ ಒಂದು ಬದಿ ಹಳದಿ ಹಸಿರು, ಇನ್ನೊಂದು ಬದಿ ಕಡು ಹಸಿರು ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ಸ್ಕೆಚ್ ಪೆನ್ ತಾಗಿಸಿದರೆ ಸಾಕು, ಬಣ್ಣ ಹರಡಿ ಪಾಂಡಾದ ಬಿಳಿ ಮುಖವೆಲ್ಲ ಕಲೆ. ಪೆನ್ನಿನ ದೋಷವಾ?
(ಮಲ್ಪೆಯಿಂದ)

ಉತ್ತರ: ಹಾಳೆಯ ದೋಷ, ನಮ್ಮ ಕರಾವಳಿಯ ಗಾಳಿಯದ್ದೂ ಸ್ವಲ್ಪ. ತೆಳು ಜೆರಾಕ್ಸ್ ಹಾಳೆ ತಂಡಿ ಎಳೆದುಕೊಂಡು ಮೆತ್ತಗಾಗುತ್ತದೆ, ಆಮೇಲೆ ಶಾಯಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ 120 ಜಿಎಸ್ಎಂ ಅಥವಾ ಅದಕ್ಕಿಂತ ದಪ್ಪದ ಡ್ರಾಯಿಂಗ್ ಹಾಳೆ ಕೇಳಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಕೆಚ್ ಪೆನ್ ಬದಿಗಿಟ್ಟು ಕ್ರಯಾನ್, ಕಲರ್ ಪೆನ್ಸಿಲ್ ಹಿಡಿಯುವುದೇ ಒಳ್ಳೆಯದು.

ಪ್ರಶ್ನೆ: ನಾನು ನಾಲ್ಕನೇ ಕ್ಲಾಸು. ಪಾಂಡಾಕ್ಕೆ ಹಳದಿ ಹಚ್ಚಿ ಪಿಲಿವೇಷದ ಹಾಗೆ ಕಪ್ಪು ಪಟ್ಟೆ ಹಾಕಿದೆ. ಅಣ್ಣ ನೋಡಿ ನಗಾಡುತ್ತಾನೆ. ತಪ್ಪಾ? ಪಿಲಿಕುಳ ಮೃಗಾಲಯಕ್ಕೆ ಹೋದರೆ ಪಾಂಡಾ ನೋಡಬಹುದಾ?
(ಒಬ್ಬ ಹುಡುಗ, ಮಂಗಳೂರು)

ಉತ್ತರ: ತಪ್ಪೇನಿಲ್ಲ ಪುಟ್ಟ. ನಮ್ಮೂರಲ್ಲಿ ದಸರಾಕ್ಕೆ ಮನುಷ್ಯರೇ ಮೈಗೆ ಬಣ್ಣ ಬಳಿಸಿಕೊಂಡು ಹುಲಿ ಆಗುತ್ತಾರೆ, ಪಾಂಡಾ ಯಾಕೆ ಆಗಬಾರದು? ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೋ. ಜೊತೆಗೆ ಇನ್ನೊಂದು ಹಾಳೆಯಲ್ಲಿ ನಿಜದ ಪಾಂಡಾವನ್ನೂ ಬರಿ, ಎರಡೂ ಇರಲಿ.

ಪಿಲಿಕುಳದಲ್ಲಿ ಪಾಂಡಾ ಇಲ್ಲ. ಕಪ್ಪು ಬಿಳುಪು ಪಾಂಡಾ ಕಾಡಿನಲ್ಲಿ ಇರುವುದು ಚೀನಾದಲ್ಲಿ ಮಾತ್ರ, ಸಿಚುವಾನ್, ಶಾಂಕ್ಸಿ, ಗಾನ್ಸು ಎಂಬ ಕಡೆಯ ಬೆಟ್ಟಗಳಲ್ಲಿ. ಅಲ್ಲಿನ ಚಿನ್‌ಲಿಂಗ್ ಬೆಟ್ಟದಲ್ಲಿ ಅಪರೂಪಕ್ಕೆ ಕಂದು ಬಿಳುಪಿನ ಪಾಂಡಾ ಕೂಡ ಸಿಗುತ್ತದೆ, ಅಣ್ಣನಿಗೆ ಇದನ್ನು ಹೇಳು. ನಮ್ಮ ದೇಶದಲ್ಲಿ ಇರುವುದು ಕೆಂಪು ಪಾಂಡಾ. ಅದು ಬೇರೆಯೇ ಪ್ರಾಣಿ, ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಅದಕ್ಕೂ ಬಿದಿರು ಇಷ್ಟ. ಸಿಕ್ಕಿಂನ ರಾಜ್ಯಪ್ರಾಣಿ ಅದೇ. ಡಾರ್ಜಿಲಿಂಗ್‌ನ ಮೃಗಾಲಯದಲ್ಲಿ ನೋಡಬಹುದು. ಅದನ್ನು ಬರೆಯುವಾಗ ಬೆನ್ನಿಗೆ ಕೆಂಪು ಕಂದು, ಹೊಟ್ಟೆಗೆ ಮತ್ತು ಕಾಲಿಗೆ ಕಪ್ಪು, ಮುಖದಲ್ಲಿ ಅಲ್ಲಲ್ಲಿ ಬಿಳಿ. ಪಟ್ಟೆ ಹಾಕುವ ಆಸೆ ಇದ್ದರೆ ಬಾಲ ಇದೆ ನೋಡು, ಉದ್ದದ ಬಾಲ, ಅದರ ತುಂಬಾ ಉಂಗುರ ಉಂಗುರ.