ನೂರಕ್ಕೆ ಇಪ್ಪತ್ತೈದರ ಫೀಸು, ಎರಡೆರಡು ಸಲ ಕೂಡಿದ ಬಿಲ್ಲು

ಪ್ರಶ್ನೆ: ನನ್ನ ತಮ್ಮ ಟೈಲ್ಸ್ ಕೂರಿಸುವ ಕೆಲಸದವನು, 34 ವರ್ಷ. ನಾಲ್ಕು ತಿಂಗಳ ಹಿಂದೆ ಲಾರಿ ಗುದ್ದಿ ಮೊಣಕಾಲಿನ ಹತ್ತಿರ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಪರಿಹಾರದ ಕೇಸು ನಡೆಸಲು ವಕೀಲರೊಬ್ಬರು "ಈಗ ಒಂದು ಪೈಸೆ ಬೇಡ, ಬಂದದ್ದರಲ್ಲಿ ನೂರಕ್ಕೆ 25 ಕೊಡಿ" ಎಂದು ಹೇಳಿ, ಸಹಿ ಹಾಕಿದ ಎರಡು ಖಾಲಿ ಚೆಕ್ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಹಾವೇರಿ

ಉತ್ತರ: ಚೆಕ್ ಕೊಡಬೇಡಿ. ಗೆದ್ದ ಹಣದಲ್ಲಿ ಪಾಲು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ನಿಷಿದ್ಧ. ಊರೂರಲ್ಲೂ ನಡೆಯುತ್ತದೆ ಎಂಬುದು ಬೇರೆ ಮಾತು. ಫೀಸು ಇಷ್ಟು, ಎಷ್ಟು ಕಂತು, ಡಾಕ್ಟರ ಸಾಕ್ಷಿಯ ಖರ್ಚು ಮತ್ತು ದೃಢೀಕೃತ ನಕಲಿನ ಖರ್ಚು ಅದರಲ್ಲಿ ಸೇರಿದೆಯೋ ಇಲ್ಲವೋ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೊಟ್ಟ ಪ್ರತಿ ಕಂತಿಗೂ ರಸೀದಿ ಕೇಳಿ. ಅಷ್ಟೂ ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ (ಸಹಾಯವಾಣಿ 15100). ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಮುಂದೆ ವಕೀಲರನ್ನು ಬದಲಿಸಬೇಕಾಗಿ ಬಂದರೆ "ಫೀಸು ಬಾಕಿ ಇದೆ, ಫೈಲ್ ಕೊಡುವುದಿಲ್ಲ" ಎನ್ನುವಂತಿಲ್ಲ. ಬಾಕಿಗಾಗಿ ಕಕ್ಷಿದಾರನ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಆದರೆ ಫೀಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: "ಆಪರೇಷನ್ ಮಾಡಿದ ಡಾಕ್ಟರನ್ನು ಸಾಕ್ಷಿಗೆ ಕರೆಸುತ್ತೀರಾ?" ದೊಡ್ಡ ಮೊತ್ತ ಕೂತಿರುವುದು ಅಲ್ಲಿ. ಕಾಲಿಗೆ 36% ಊನ ಎಂದು ಸರ್ಟಿಫಿಕೇಟ್ ಬಂದಿದೆ ಎನ್ನಿ. ಮೋಟಾರು ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗವನ್ನು, ಅಂದರೆ 12% ಅನ್ನು, ಇಡೀ ದೇಹದ ಊನವೆಂದು ಹಿಡಿಯುತ್ತವೆ. ತಿಂಗಳ ಆದಾಯ 15,000 ಎಂದರೆ, 34ರ ವಯಸ್ಸಿಗೆ ಗುಣಕ (ಎಷ್ಟು ವರ್ಷದ ಆದಾಯ ಹಿಡಿಯಬೇಕೆಂದು ವಯಸ್ಸಿನ ಮೇಲೆ ನಿಗದಿಯಾದ ಸಂಖ್ಯೆ) 16: 15,000 × 12 × 16 × 12% = 3,45,600 ರೂ. ಟೈಲ್ಸ್ ಕೆಲಸಗಾರ ಕುಕ್ಕರಗಾಲಲ್ಲಿ ಕೂರಲಾಗದಿದ್ದರೆ ಅವನ ದುಡಿಮೆಗೆ ಆದ ನಷ್ಟ 12% ಅಲ್ಲ. ಡಾಕ್ಟರು ಅದನ್ನು ಸಾಕ್ಷಿಕಟ್ಟೆಯಲ್ಲಿ ಬಿಡಿಸಿ ಹೇಳಿ, ಮಂಡಳಿ 30% ಎಂದು ಒಪ್ಪಿದರೆ ಅದೇ ಲೆಕ್ಕ 8,64,000ಕ್ಕೆ ಏರುತ್ತದೆ. ಬರೀ ಸರ್ಟಿಫಿಕೇಟ್ ಹಾಜರುಪಡಿಸಿ ಕೈತೊಳೆದುಕೊಳ್ಳುವ ವಕೀಲರಿಗೆ ಕಡಿಮೆ ಫೀಸು ಕೊಟ್ಟರೂ ದುಬಾರಿಯೇ.

ಅರ್ಜಿ ಹಾಕಲು ಕಾಯ್ದೆ ಕೊಟ್ಟಿರುವ ಗಡುವು ಅಪಘಾತದ ದಿನದಿಂದ 6 ತಿಂಗಳು. ನಿಮಗೆ ಉಳಿದಿರುವುದು ಎರಡೇ ತಿಂಗಳು. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಪ್ರಶ್ನೆ: ಆಸ್ಪತ್ರೆಯ ಅಂತಿಮ ಬಿಲ್ 2,40,000, ಅಡ್ವಾನ್ಸ್ ರಸೀದಿಗಳು 1,00,000, ಮೆಡಿಕಲ್ ಶಾಪಿನದು 72,000. ಒಟ್ಟು 4,12,000 ಕೇಳಿದರೆ 2,90,000 ಮಾತ್ರ ಕೊಟ್ಟಿದ್ದಾರೆ. ತೀರ್ಪಿನ ಕೊನೆಯಲ್ಲಿ "ವಕೀಲರ ಶುಲ್ಕ 1,000 ರೂ." ಎಂದಿದೆ. ನಮ್ಮ ವಕೀಲರು ತೆಗೆದುಕೊಂಡದ್ದು ಅದಕ್ಕಿಂತ ಎಷ್ಟೋ ಹೆಚ್ಚು!
– ಓದುಗರು, ತಿಪಟೂರು

ಉತ್ತರ: ಒಂದು ಲಕ್ಷವನ್ನು ಯಾರೂ ಕಡಿದಿಲ್ಲ. ನೀವು ಕಟ್ಟಿದ ಅಡ್ವಾನ್ಸ್ ಅಂತಿಮ ಬಿಲ್ಲಿನೊಳಗೇ ಜಮೆಯಾಗಿರುತ್ತದೆ. ಅಂತಿಮ ಬಿಲ್ಲಿನ ಕೊನೆಯ ಪುಟ ನೋಡಿ, ಕಟ್ಟಿದ ಅಡ್ವಾನ್ಸ್ ಕಳೆದು ಬಾಕಿ ಎಷ್ಟು ಎಂದು ತೋರಿಸಿರುತ್ತಾರೆ. ರಸೀದಿಗಳನ್ನು ಮತ್ತೆ ಕೂಡಿದರೆ ಅದೇ ಹಣ ಎರಡು ಸಲ ಬಂದಂತೆ. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಹಿಡಿಯುವುದೇ ಇದನ್ನು, ಆಮೇಲೆ ಉಳಿದ ಬಿಲ್ಲುಗಳ ಮೇಲೂ ಅನುಮಾನ ಹುಟ್ಟುತ್ತದೆ.

ನಿಜವಾಗಿ ಹೋದದ್ದು 22,000. ಔಷಧಿ ಬಿಲ್ ಬಿದ್ದುಹೋಗುವುದು ಹೆಚ್ಚಾಗಿ ಜೊತೆಗೆ ಡಾಕ್ಟರ ಚೀಟಿ ಇಲ್ಲದ್ದರಿಂದ, ಇಲ್ಲವೇ ಬಿಲ್ಲಿನಲ್ಲಿ ರೋಗಿಯ ಬದಲು ಔಷಧಿ ತರಲು ಹೋದವರ ಹೆಸರು ಇರುವುದರಿಂದ. ಪ್ರತಿ ಬಿಲ್ಲಿಗೂ ಅದರ ಚೀಟಿ ಪಿನ್ ಮಾಡಿ ತಾರೀಖಿನ ಪ್ರಕಾರ ಜೋಡಿಸಿಡಬೇಕು. ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಆ ದಿನವೇ ಜೆರಾಕ್ಸ್ ಮಾಡಿಸಿ, ಮೂಲದ ಜೊತೆಗಿಡಿ. ಪ್ಲೇಟ್ ತೆಗೆಸಲು ಮುಂದೆ ಬೇಕಾಗುವ ಖರ್ಚಿಗೆ ಡಾಕ್ಟರಿಂದ ಅಂದಾಜು ಪತ್ರ ಬೇಕು. ಆ ಮೊತ್ತಕ್ಕೆ ಬಡ್ಡಿ ಸಿಗುವುದಿಲ್ಲ.

ಇದೊಂದಕ್ಕೇ ಹೈಕೋರ್ಟಿಗೆ ಹೋಗಲಾಗದು: ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ. ಊನದ ಲೆಕ್ಕದಲ್ಲೂ ತಪ್ಪಾಗಿದ್ದರೆ 90 ದಿನದೊಳಗೆ ಹೋಗಿ. ಇನ್ನು ಆ 1,000 ರೂ. ಎದುರು ಪಕ್ಷದಿಂದ ನಿಮಗೆ ಬರಬೇಕಾದ ವ್ಯಾಜ್ಯದ ಖರ್ಚಿನ ಬಾಬತ್ತು. ನೀವು ನಿಮ್ಮ ವಕೀಲರಿಗೆ ಕೊಡಬೇಕಾದ ಫೀಸಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಬೈಕಿನಿಂದ ತಾನೇ ಬಿದ್ದು ಗಾಯ" ಎಂದು ಬರೆದುಬಿಟ್ಟಿದ್ದಾರೆ. ನಿಜವಾಗಿ ಕಾರು ಗುದ್ದಿದ್ದು. ತೊಂದರೆಯೇ?
– ಓದುಗರು, ಸಾಗರ

ಉತ್ತರ: ದೊಡ್ಡ ತೊಂದರೆ. ಗಾಬರಿಯಲ್ಲಿ ಕರೆತಂದವರು ಬಾಯಿಗೆ ಬಂದದ್ದು ಹೇಳಿರುತ್ತಾರೆ, ಪೊಲೀಸ್ ಉಸಾಬರಿ ಬೇಡವೆಂದೂ ಹೇಳುವುದುಂಟು. ವಿಮಾ ಕಂಪನಿ ಆ ಒಂದು ಸಾಲಿನ ಮೇಲೆ ಇಡೀ ಕೇಸು ಸುಳ್ಳೆಂದು ವಾದಿಸುತ್ತದೆ. ಕೇಸ್ ಶೀಟ್ ತಿದ್ದಿಸಲು ಹೋಗಬೇಡಿ, ತಿದ್ದಿದ ಗುರುತು ಇನ್ನೂ ಕೆಟ್ಟದ್ದು. ಆ ಮಾತು ಹೇಳಿದವರು ಯಾರು ಎಂಬುದನ್ನು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಿಂದ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳನ್ನು ಬರೆದಿಡುವ ಪುಸ್ತಕ) ತಿಳಿದುಕೊಳ್ಳಿ. ದೂರು ಇನ್ನೂ ಕೊಟ್ಟಿಲ್ಲದಿದ್ದರೆ ಇಂದೇ ಕೊಡಿ, ತಡವಾದ ಕಾರಣವನ್ನು ಅದರಲ್ಲೇ ಬರೆಯಿರಿ. ಸ್ಥಳದಲ್ಲಿದ್ದವರ ಹೇಳಿಕೆ, ಮಹಜರು, ಕಾರಿನ ಜಖಂ ವರದಿ, ಚಾಲಕನ ಮೇಲಿನ ಚಾರ್ಜ್‌ಶೀಟ್ ಒಂದಕ್ಕೊಂದು ಹೊಂದಿದರೆ ಆ ಸಾಲನ್ನು ದಾಟಬಹುದು.