“ನಿಮ್ಮ ವೋಟು ಆಗಲೇ ಆಗಿದೆ!”

ಪತ್ರ: ಕಳೆದ ಲೋಕಸಭಾ ಚುನಾವಣೆಗೆ ಬೆಂಗಳೂರಿನಿಂದ ಬಸ್ ಹಿಡಿದು ಊರಿಗೆ ಹೋದೆ. ಬೂತ್‌ನಲ್ಲಿ “ನಿಮ್ಮ ವೋಟು ಆಗಲೇ ಆಗಿದೆ” ಎಂದರು. ನನ್ನ ಬೆರಳಲ್ಲಿ ಶಾಯಿಯೇ ಇರಲಿಲ್ಲ. ಪಕ್ಷದ ಏಜೆಂಟರೊಬ್ಬರು “ಹೋಗ್ಲಿ ಬಿಡಿ, ಒಂದು ವೋಟು ತಾನೇ” ಅಂದರು. ವಾಪಸ್ ಬಂದೆ. ನಾನೇನು ಮಾಡಬಹುದಿತ್ತು?
– ಓದುಗರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ: ಅಷ್ಟು ದೂರ ಹೋಗಿ ಏಜೆಂಟರ ಮಾತಿಗೆ ತಿರುಗಿ ಬಂದಿರಲ್ಲ, ಬೇಜಾರಾಯಿತು. ಬೂತ್‌ನಲ್ಲಿ ಮಾತು ನಡೆಯುವುದು ಅಲ್ಲಿನ ಮುಖ್ಯ ಅಧಿಕಾರಿಯಾದ ಪ್ರಿಸೈಡಿಂಗ್ ಆಫೀಸರದ್ದು. ಅವರ ಬಳಿ ಹೋಗಿ “ಟೆಂಡರ್ ವೋಟು ಕೊಡಿ” ಎಂದು ಕೇಳಬೇಕಿತ್ತು. ನಮ್ಮ ಹೆಸರಲ್ಲಿ ಬೇರೆಯವರು ವೋಟು ಹಾಕಿಬಿಟ್ಟಿದ್ದರೆ ನಾವು ಕಾಗದದ ಮೇಲೆ ಹಾಕುವ ವೋಟು ಅದು. 1961ರ ಚುನಾವಣಾ ನಿಯಮಗಳಲ್ಲಿ 49ಪಿ ಎಂಬ ನಿಯಮ ಇರುವುದೇ ನಿಮ್ಮಂಥವರಿಗಾಗಿ.

ಅದಕ್ಕೂ ಮೊದಲು, ವೋಟು ಹಾಕಲು ಬಂದವರ ಸಹಿ ಇರುವ 17ಎ ರಿಜಿಸ್ಟರ್ ನೋಡಿ ಎಂದು ಹೇಳಬೇಕು. ಒಬ್ಬ ಅಧಿಕಾರಿ ಪಟ್ಟಿಯಲ್ಲಿ ಹೆಸರಿಗೆ ಗೆರೆ ಹಾಕುತ್ತಾರೆ. ಇನ್ನೊಬ್ಬರು ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಒಂದೇ ಊರಲ್ಲಿ ಎಷ್ಟು ಜನ ಮಂಜುನಾಥರು ಇರುತ್ತಾರೆ, ಅಲ್ವಾ? ಗೆರೆ ಪಕ್ಕದವರ ಹೆಸರಿಗೆ ಬೀಳುವುದೂ ಉಂಟು. ನಿಮ್ಮ ಸಂಖ್ಯೆಯ ಮುಂದೆ ಸಹಿಯೇ ಇಲ್ಲದಿದ್ದರೆ ಮಷಿನ್‌ನಲ್ಲೇ ವೋಟು ಹಾಕಲು ಬಿಡಿ ಎಂದು ಪಟ್ಟು ಹಿಡಿಯಬಹುದು.

ಯಾರದೋ ಸಹಿ ಇದ್ದರೆ ಟೆಂಡರ್ ವೋಟೇ ಗತಿ. ನೀವು ನೀವೇ ಎಂದು ಖಾತ್ರಿ ಮಾಡಿಕೊಳ್ಳಲು ಅಧಿಕಾರಿ ನಾಲ್ಕು ಪ್ರಶ್ನೆ ಕೇಳುತ್ತಾರೆ. 17ಬಿ ನಮೂನೆಯಲ್ಲಿ ಸಹಿ ಮಾಡಿದರೆ, ಹಳೆ ಕಾಲದ ಹಾಗೆ ಕಾಗದದ ಮತಪತ್ರ ಕೈಗೆ ಬರುತ್ತದೆ. ಗುರುತಿನ ಮೇಲೆ ಸೀಲ್ ಒತ್ತಿ, ಮಡಚಿ ಅವರಿಗೇ ಕೊಡಬೇಕು. ಅವರು ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ.

ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ. ಮತ್ತೆ ಸುಮ್ನೆ ಯಾಕೆ ಹಾಕಬೇಕು ಅಂತೀರಾ? 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. “ಒಂದು ವೋಟು ತಾನೇ” ಅಂದ ಏಜೆಂಟರಿಗೆ ಈ ಲೆಕ್ಕ ತೋರಿಸಬೇಕಿತ್ತು! ಅಂತರ ಇಷ್ಟು ಸಣ್ಣದಾಗಿ ವ್ಯಾಜ್ಯ ಹೈಕೋರ್ಟಿಗೆ ಹೋದರೆ, ಕಳ್ಳವೋಟು ಕಳೆದು ನಿಜವಾದ ವೋಟು ಸೇರಿಸಲು ಆ ಲಕೋಟೆಯೇ ಬೇಕು. ಅಲ್ಲಿಯವರೆಗೆ ಅದು ನೀವು ಬಂದಿದ್ದಿರಿ ಎಂಬುದಕ್ಕೆ ದಾಖಲೆ. ನೀವು ಹಾಗೇ ಬಂದದ್ದರಿಂದ ಕಾಗದದ ಮೇಲೆ ಆ ಬೂತ್‌ನಲ್ಲಿ ತಕರಾರೇ ಆಗಿಲ್ಲ.

ನಮ್ಮ ಸಿಟ್ಟು ವ್ಯವಸ್ಥೆಯ ಮೇಲೂ ಇದೆ. ಬೂತ್ ಗೋಡೆಗೆ ಏನೇನೋ ಅಂಟಿಸುತ್ತಾರೆ. “ನಿಮ್ಮ ವೋಟು ಬೇರೆಯವರು ಹಾಕಿದ್ದರೆ ಟೆಂಡರ್ ವೋಟು ಕೇಳಿ” ಎಂದು ದಪ್ಪಕ್ಷರದಲ್ಲಿ ಬರೆದರೆ ಗಂಟೇನು ಹೋಗುತ್ತದೆ?

ಆ ಚುನಾವಣೆಯ ಮಟ್ಟಿಗೆ ಈಗ ದಾರಿ ಮುಚ್ಚಿದೆ. ಫಲಿತಾಂಶ ಬಂದ 45 ದಿನದೊಳಗೆ ಚುನಾವಣಾ ಅರ್ಜಿ ಹಾಕಬೇಕಿತ್ತು. ಮುಂದಿನ ಸಲ ಹಿಂದಿನ ರಾತ್ರಿಯೇ ಊರು ಸೇರಿ, ಬೆಳಿಗ್ಗೆ 7ಕ್ಕೇ ಕ್ಯೂನಲ್ಲಿ ನಿಲ್ಲಿ. ಬೆಂಗಳೂರು ಸೇರಿದವರು, ಬರುವುದು ಡೌಟು ಎಂದು ಊರವರಿಗೆಲ್ಲ ಗೊತ್ತಿರುವವರು, ಇಂಥವರ ಹೆಸರೇ ಕಳ್ಳವೋಟಿಗೆ ಸಲೀಸು.