ಫಿಕ್ಸೆಡ್ ಗೇರ್ ಸೈಕಲ್: ಮೊದಲು ಬ್ರೇಕ್, ಆಮೇಲೆ ಫೋರ್ಕ್, ಕೊನೆಗೆ ಹ್ಯಾಂಡಲ್

ಪ್ರಶ್ನೆ: ನಮಸ್ಕಾರ ಸರ್. ಈಚೆಗೆ ನನಗೊಂದು ಸೆಕೆಂಡ್ ಹ್ಯಾಂಡ್ ಫಿಕ್ಸೆಡ್ ಗೇರ್ ಸೈಕಲ್ ಸಿಕ್ಕಿತು. ಟ್ರ್ಯಾಕ್ ರೇಸಿಗೆ ಮಾಡಿದ್ದಂತೆ. ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕಿನಲ್ಲಿ, ಬ್ರೇಕ್ ಕೂರಿಸಲು ತೂತೇ ಇಲ್ಲ. ‘ಫಿಕ್ಸಿಗೆ ಬ್ರೇಕ್ ಯಾಕೋ, ಕಾಲಲ್ಲೇ ನಿಲ್ಲಿಸಬಹುದು’ ಅಂತಾರೆ ಗೆಳೆಯರು. ನಾನು ಓಡಿಸುವುದು ದಿನಾ ಆಫೀಸಿಗೆ, ಟ್ರಾಫಿಕ್ಕಿನ ನಡುವೆ. ಇರುವ ಫೋರ್ಕಿಗೇ ತೂತು ಹೊಡೆಸಲೇ, ಬೇರೆ ಫೋರ್ಕ್ ಹಾಕಲೇ? ಹ್ಯಾಂಡಲ್ ಬುಲ್‌ಹಾರ್ನ್ (ಎರಡೂ ತುದಿ ಕೊಂಬಿನ ಹಾಗೆ ಮುಂದಕ್ಕೆ ಚಾಚಿದ್ದು) ಆಗಬೇಕು ಅಂತ ಆಸೆ. ಅದಕ್ಕೆ ಯಾವ ಬ್ರೇಕ್ ಲಿವರ್ ಹೊಂದುತ್ತದೆ?

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. ಫಿಕ್ಸೆಡ್ ಗೇರಿನಲ್ಲಿ ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲಿಂದ ಪೆಡಲ್ ತಡೆದರೆ ಚಕ್ರ ನಿಧಾನವಾಗುತ್ತದೆ. ಆದರೆ ಅದು ಹಿಂದಿನ ಚಕ್ರ ಮಾತ್ರ. ಸೈಕಲ್ ನಿಲ್ಲಿಸಲು ಹೊರಟ ತಕ್ಷಣ ನಿಮ್ಮ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ರಸ್ತೆಯನ್ನು ಹಿಡಿಯುವುದಿಲ್ಲ, ಜಾರುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್ ಚೆನ್ನಾಗಿದ್ದರೆ, ಕಾಲಲ್ಲಿ ನಿಲ್ಲಿಸುವುದಕ್ಕಿಂತ ಹೆಚ್ಚು ಕಡಿಮೆ ಅರ್ಧ ದೂರದಲ್ಲೇ ನಿಲ್ಲಬಹುದು. ನಂಬಿಕೆ ಬರದಿದ್ದರೆ ಖಾಲಿ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಅದೇ ವೇಗದಲ್ಲಿ ಬಂದು, ಗೆರೆ ದಾಟುವಾಗ ಒಮ್ಮೆ ಕಾಲಲ್ಲಿ, ಇನ್ನೊಮ್ಮೆ ಬ್ರೇಕಲ್ಲಿ ನಿಲ್ಲಿಸಿ ನೋಡಿ. ಗೆಳೆಯರನ್ನೂ ಕರೆಯಿರಿ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಚೈನ್ ಕಳಚಿದರೆ? ಕಾಲಿನ ಬ್ರೇಕ್ ಆ ಕ್ಷಣಕ್ಕೆ ಮಾಯ. ಟ್ರ್ಯಾಕಿನಲ್ಲಿ ಬ್ರೇಕ್ ಇಲ್ಲದಿರುವುದಕ್ಕೆ ಕಾರಣ ಬೇರೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಓಡುತ್ತಾರೆ. ಒಬ್ಬ ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವರೆಲ್ಲ ಅವನ ಮೇಲೆ. ಅಲ್ಲಿ ಅಡ್ಡ ಬರುವ ನಾಯಿಯಿಲ್ಲ, ಬಾಗಿಲು ತೆಗೆಯುವ ಕಾರಿಲ್ಲ. ನಿಮ್ಮ ರಸ್ತೆ ಹಾಗಲ್ಲವಲ್ಲ! ಹಾಗಾಗಿ ಮುಂದಿನ ಬ್ರೇಕ್ ಬೇಕೇ ಬೇಕು. ಹಿಂದಿನದಕ್ಕೆ ನಾನು ಒತ್ತಾಯ ಮಾಡುವುದಿಲ್ಲ. ಮಂಡಿ ನೋವಿದ್ದರೆ ಅಥವಾ ದೊಡ್ಡ ಇಳಿಜಾರು ಇದ್ದರೆ ಹಾಕಿಸಿ. ಹಿಂದಿನ ಚಕ್ರದ ಹಬ್‌ನ ಇನ್ನೊಂದು ಬದಿಗೆ ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಗೇರು) ಇದ್ದು, ಚಕ್ರ ಬಿಚ್ಚಿ ತಿರುವಿ ಹಾಕಿ ಅದನ್ನೂ ಬಳಸುವವರಾದರೆ ಎರಡೂ ಬ್ರೇಕ್ ಇರಲೇಬೇಕು.

ಈಗ ತೂತಿನ ವಿಷಯ. ಫೋರ್ಕ್ ಕಾರ್ಬನ್ನಿನದಾದರೆ ಡ್ರಿಲ್ ಮುಟ್ಟಲೇಬೇಡಿ. ಸ್ಟೀಲಾದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಎರಡು ಕಾಲು ಬಂದು ಸೇರುವ ಆ ಜಾಗ ಇದೆಯಲ್ಲ, ಫೋರ್ಕಿಗೆ ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲೇ. ತೂತಿಲ್ಲದೆ ಬ್ರೇಕ್ ಕಟ್ಟಲು ಕ್ಲ್ಯಾಂಪುಗಳೂ ಸಿಗುತ್ತವೆ. ಜೋರಾಗಿ ಬ್ರೇಕ್ ಹಿಡಿದಾಗ ಅದು ಒಂದಿಷ್ಟು ತಿರುಗಿದರೂ ಕಥೆ ಮುಗಿಯಿತು. ನನ್ನ ಸೈಕಲ್ಲಿಗಂತೂ ಹಾಕಿಕೊಳ್ಳುವುದಿಲ್ಲ.

ಹಾಗಾದರೆ ಬೇರೆ ಫೋರ್ಕ್. ಕೊಳ್ಳುವ ಮುಂಚೆ ಹಳೆಯದನ್ನು ಬಿಚ್ಚಿ ಅಳತೆ ತೆಗೆಯಿರಿ. ಮೇಲಿನ ಕೊಳವೆ, ಅಂದರೆ ಸ್ಟಿಯರರ್, 1 ಇಂಚಿನದೋ 1⅛ ಇಂಚಿನದೋ, ಥ್ರೆಡ್ ಇದೆಯೋ ಇಲ್ಲವೋ ನೋಡಿ. ಇದು ಹೊಂದದಿದ್ದರೆ ಉಳಿದದ್ದು ನೋಡುವುದೇ ಬೇಡ. ಬ್ರೇಕ್ ಬೋಲ್ಟಿನ ತೂತಿನಲ್ಲೂ ಎರಡು ಜಾತಿ: ಹಿಂದೆ ಸಾದಾ ನಟ್ಟು ಕೂರುವುದು ಹಳೇ ಬಗೆ, ಕೊಳವೆಯಂಥ ನಟ್ಟು ಒಳಗೇ ಇಳಿಯುವುದು ಹೊಸ ಬಗೆ. ಎರಡರ ಬೋಲ್ಟಿನ ಉದ್ದವೂ ಬೇರೆ. ಬ್ರೇಕ್ ಕೊಳ್ಳುವಾಗ ಇದನ್ನು ಹೇಳಿ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ರೇಕ್ ಬಗ್ಗೆ. ಫೋರ್ಕಿನ ಕೊಳವೆಯ ನೇರಕ್ಕಿಂತ ಆಕ್ಸಲ್ ಎಷ್ಟು ಮುಂದಿದೆ ಅನ್ನುವ ಅಳತೆ ಅದು. ರೋಡ್ ಫೋರ್ಕುಗಳಲ್ಲಿ 43–45 ಮಿ.ಮೀ. ಸಾಮಾನ್ಯ. ಟ್ರ್ಯಾಕ್ ಫೋರ್ಕುಗಳಲ್ಲಿ 30ರ ಆಸುಪಾಸಿನವೂ ಇರುತ್ತವೆ, ಯಾಕೆಂದರೆ ಟ್ರ್ಯಾಕ್ ಫ್ರೇಮಿನ ಮುಂಭಾಗ ಹೆಚ್ಚು ನೆಟ್ಟಗಿರುತ್ತದೆ. ಒಂದು ಲೆಕ್ಕ ನೋಡಿ. ಮುಂದಿನ ಕೋನ (ಫೋರ್ಕ್ ಕೂರುವ ಫ್ರೇಮಿನ ಕೊಳವೆ ನೆಲಕ್ಕೆ ಮಾಡುವ ಕೋನ) 74.5 ಡಿಗ್ರಿ, ರೇಕ್ 30 ಮಿ.ಮೀ. ಇದ್ದರೆ, ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಗೆರೆಗಿಂತ ಸುಮಾರು 63 ಮಿ.ಮೀ. ಹಿಂದೆ ಇರುತ್ತದೆ. ಅದಕ್ಕೆ ಟ್ರೇಲ್ ಅನ್ನುತ್ತಾರೆ. ಅದೇ ಫ್ರೇಮಿಗೆ 45ರ ಫೋರ್ಕ್ ಹಾಕಿದರೆ ಟ್ರೇಲ್ 48ಕ್ಕೆ ಇಳಿಯುತ್ತದೆ. ಹ್ಯಾಂಡಲ್ ಹಗುರ, ಸ್ವಲ್ಪ ಚಂಚಲ. ಕೈ ಬಿಟ್ಟು ಓಡಿಸುವ ಶೋಕಿ ಇದ್ದರೆ ಬಿಡಬೇಕಾಗುತ್ತದೆ ಅಷ್ಟೇ! ಹೊಸ ಫೋರ್ಕ್ ಹಳೆಯದಕ್ಕಿಂತ ಒಂದೂವರೆ–ಎರಡು ಸೆಂ.ಮೀ. ಉದ್ದವಿದ್ದರೆ ಮುಂದಿನ ಕೋನ ಸುಮಾರು 1 ಡಿಗ್ರಿ ವಾಲಿ, ಟ್ರೇಲ್ ಸ್ವಲ್ಪ ವಾಪಸ್ ಬರುತ್ತದೆ. ಹಾಗಂತ ಬೇಕೆಂದೇ ಉದ್ದದ್ದು ಹುಡುಕಬೇಡಿ. 35–40ರ ರೇಕ್ ಸಿಕ್ಕರೆ ಅದೇ ಒಳ್ಳೆಯದು.

ಜಾಸ್ತಿ ರೇಕಿನಿಂದ ಒಂದು ಲಾಭವೂ ಉಂಟು. ಮುಂದಿನ ಚಕ್ರ ಅಷ್ಟು ಮುಂದೆ ಹೋಗುವುದರಿಂದ ಬೂಟಿನ ತುದಿಗೆ ಜಾಗ ಸಿಗುತ್ತದೆ. ಬೇರೆ ಸೈಕಲ್ಲುಗಳಲ್ಲಿ ಇದು ದೊಡ್ಡ ವಿಷಯವಲ್ಲ, ತಿರುವಿನಲ್ಲಿ ಪೆಡಲ್ ನಿಲ್ಲಿಸಿದರೆ ಆಯಿತು. ಫಿಕ್ಸಿಯಲ್ಲಿ ಪೆಡಲ್ ನಿಲ್ಲುವುದಿಲ್ಲ. ಒಮ್ಮೆ ಇಕ್ಕಟ್ಟಿನ ದಾರಿಯಲ್ಲಿ ಯೂ-ಟರ್ನ್ ಹೊಡೆಯುವಾಗ ನನ್ನ ಬೂಟು ಹೋಗಿ ಟೈರಿಗೆ ಸಿಕ್ಕಿಕೊಂಡಿತು. ನಡೆಯುವಷ್ಟೇ ವೇಗ. ಕಾಲು ಚಕ್ರವನ್ನು ತಡೆಯಿತು, ಹಿಂದಿನ ಚಕ್ರ ಕಾಲನ್ನು ತಳ್ಳಿತು, ನಾನು ಮೆಲ್ಲಗೆ ಪಕ್ಕಕ್ಕೆ ಮಲಗಿದೆ. ಪೆಟ್ಟಾಗಿದ್ದು ಮರ್ಯಾದೆಗೆ ಮಾತ್ರ.

ಫೋರ್ಕ್ ಬಂದ ಮೇಲೆ ಬ್ರೇಕಿನ ರೀಚ್ ಅಳೆಯಿರಿ. ಚಕ್ರ ಹಾಕಿ, ಬೋಲ್ಟ್ ತೂತಿನ ನಡುವಿನಿಂದ ರಿಮ್ಮಿನ ಬ್ರೇಕ್ ಪಟ್ಟಿಯ ನಡುವಿನವರೆಗೆ ಸ್ಕೇಲ್ ಹಿಡಿಯಿರಿ. 39–49 ಮಿ.ಮೀ. ಬಂದರೆ ಚಿಕ್ಕ ಕ್ಯಾಲಿಪರ್ (ರಿಮ್ಮನ್ನು ಎರಡೂ ಕಡೆಯಿಂದ ಅಮುಕುವ ಬ್ರೇಕ್), 47–57 ಬಂದರೆ ಉದ್ದದ್ದು. ಹಳೇ 27 ಇಂಚಿನ ಚಕ್ರ ತೆಗೆದು ಅದಕ್ಕಿಂತ ಸ್ವಲ್ಪ ಚಿಕ್ಕದಾದ 700ಸಿ ಚಕ್ರ ಹಾಕುವವರಿಗೆ ಇದು 4 ಮಿ.ಮೀ. ಜಾಸ್ತಿಯಾಗುತ್ತದೆ, ಅದೂ ನೆನಪಿರಲಿ. ಅಳೆಯದೆ ತಂದು ನಾನು ಒಮ್ಮೆ ಕೆಟ್ಟಿದ್ದೇನೆ. ‘ಎಲ್ಲದಕ್ಕೂ ಆಗುತ್ತೆ’ ಅಂದರು ಅಂಗಡಿಯವರು. ಬ್ರೇಕ್ ರಬ್ಬರನ್ನು ಪೂರ್ತಿ ಕೆಳಗೆ ಇಳಿಸಿದರೂ ಅದರ ಮೇಲಿನ ಅಂಚು ಟೈರನ್ನು ಸವರುತ್ತಿತ್ತು. ಇರಲಿ ಅಂತ ಸುಮ್ನೆ ಓಡಿಸಿದೆ. ವಾರ ಕಳೆಯುವಷ್ಟರಲ್ಲಿ ಟೈರಿನ ಪಕ್ಕದ ರಬ್ಬರ್ ಸವೆದು ಒಳಗಿನ ನೂಲು ಕಾಣಿಸಿತು.

ರಿಮ್ ಕೂಡ ನೋಡಿ. ಫಿಕ್ಸಿಗೆ ಬರುವ ಬಣ್ಣಬಣ್ಣದ ದಪ್ಪ ರಿಮ್ಮುಗಳಲ್ಲಿ ಬ್ರೇಕ್ ಪಟ್ಟಿ ಇಲ್ಲದವು ಬಹಳ. ಬಣ್ಣದ ಮೇಲೆ ಬ್ರೇಕ್ ಹಿಡಿದರೆ ಕಿರುಚುತ್ತದೆ, ಮಳೆಯಲ್ಲಿ ನಿಲ್ಲುವುದೇ ಇಲ್ಲ, ಕೊನೆಗೆ ಬಣ್ಣವೂ ಎದ್ದು ಹೋಗುತ್ತದೆ. ಮುಂದಿನ ಚಕ್ರಕ್ಕಾದರೂ ಪಕ್ಕ ಬೋಳಾಗಿ ಕಡೆದಿರುವ ಅಲ್ಯೂಮಿನಿಯಂ ರಿಮ್ ಇರಲಿ.

ಬುಲ್‌ಹಾರ್ನ್ ಒಳ್ಳೆಯ ಆಯ್ಕೆ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಕೊಂಬು ಹಿಡಿದರೆ ಬಲ ಬರುತ್ತದೆ. ಲಿವರ್ ಎರಡು ಬಗೆಯವು ಹೊಂದುತ್ತವೆ: ಕೊಂಬಿನ ತುದಿಯೊಳಗೆ ತೂರಿಸಿ ಬಿಗಿಯುವುದು, ಅಥವಾ ನಡುವಿನ ನೇರ ಭಾಗಕ್ಕೆ ಕಟ್ಟುವ ಪುಟ್ಟ ಲಿವರ್. ನಿಮ್ಮ ಕೈ ಹೆಚ್ಚು ಹೊತ್ತು ಎಲ್ಲಿರುತ್ತದೋ ಲಿವರ್ ಅಲ್ಲಿರಲಿ. ಬುಲ್‌ಹಾರ್ನ್ ಹಾಕಿದವರ ಕೈ ಕೊಂಬಿನಲ್ಲೇ ಇರುವುದರಿಂದ ನನ್ನ ಓಟು ತುದಿಯ ಲಿವರಿಗೆ. ಒಂದೇ ಲಿವರ್ ಆದರೆ ಅಭ್ಯಾಸವಿರುವ ಕೈಗೆ ಹಾಕಿ, ಇನ್ನೊಂದು ತುದಿಗೆ ಬಿರಡೆ ಮುಚ್ಚಿ. ತೆರೆದ ಕೊಳವೆಯ ಮೇಲೆ ಬಿದ್ದರೆ ಗಾಯ ಆಳವಾಗುತ್ತದೆ. ಹ್ಯಾಂಡಲ್ಲಿನ ನಡುವಿನ ದಪ್ಪ 25.4, 26 ಅಥವಾ 31.8 ಮಿ.ಮೀ. ಇರುತ್ತದೆ, ಹ್ಯಾಂಡಲ್ಲನ್ನು ಫೋರ್ಕಿಗೆ ಹಿಡಿಸುವ ತುಂಡು, ಅಂದರೆ ಸ್ಟೆಮ್, ಅದಕ್ಕೆ ಸರಿಯಾಗಿಯೇ ಇರಬೇಕು. 25.4ರ ಹ್ಯಾಂಡಲ್ಲನ್ನು 26ರ ಸ್ಟೆಮ್ಮಿಗೆ ಜೋರಾಗಿ ಬಿಗಿದು ಹೊಂದಿಸಲು ಹೋಗಬೇಡಿ. ಒಂದು ದಿನ ಜೋರು ಬ್ರೇಕಿನಲ್ಲಿ ಅದು ಕೆಳಕ್ಕೆ ತಿರುಗುತ್ತದೆ.

ಪ್ರಶ್ನೆ: ನೇರ ಹ್ಯಾಂಡಲ್ ಹಾಕಿದ್ದೇನೆ. ಮನೆಯಲ್ಲಿ ಬಿದ್ದಿರುವ ಮೌಂಟೇನ್ ಬೈಕಿನ ವಿ-ಬ್ರೇಕ್ ಲಿವರನ್ನು ಕ್ಯಾಲಿಪರ್ ಬ್ರೇಕಿಗೆ ಬಳಸಬಹುದಾ?

ಉತ್ತರ: ಕೂರುತ್ತದೆ, ಆದರೆ ಬೇಡ. ವಿ-ಬ್ರೇಕ್ ಲಿವರ್ ಕ್ಯಾಲಿಪರಿಗೆ ಬೇಕಾದ್ದರ ಸುಮಾರು ಎರಡರಷ್ಟು ಕೇಬಲ್ ಎಳೆಯುತ್ತದೆ. ಎಳೆತ ಜಾಸ್ತಿ ಆದಷ್ಟೂ ಬಲ ಕಡಿಮೆ. ಹಿಡಿದಾಗ ಲಿವರ್ ಕಲ್ಲಿನ ಹಾಗೆ ಗಟ್ಟಿ ಅನ್ನಿಸುತ್ತದೆ, ಒಳ್ಳೇ ಬ್ರೇಕ್ ಅಂತ ಮೋಸಹೋಗುತ್ತೀರಿ. ಸೈಕಲ್ ಮಾತ್ರ ನಿಲ್ಲುವುದಿಲ್ಲ. ಕ್ಯಾಲಿಪರ್ ಅಥವಾ ಕ್ಯಾಂಟಿಲಿವರ್ ಬ್ರೇಕಿಗೆಂದು ಮಾಡಿದ ನೇರ ಹ್ಯಾಂಡಲ್ ಲಿವರ್ ಕೇಳಿ. ಹಿಡಿಕೆಯ ದಪ್ಪ 22.2 ಮಿ.ಮೀ. ಅಂತ ಹೇಳಿದರೆ ಸಾಕು.

ಪ್ರಶ್ನೆ: ಕಾಲಲ್ಲಿ ಚಕ್ರ ತಡೆದು ಜಾರಿಸಿ ನಿಲ್ಲಿಸುವ ಅಭ್ಯಾಸ ನನ್ನದು. ಹಿಂದಿನ ಟೈರ್ ಒಂದೇ ಜಾಗದಲ್ಲಿ ಸವೆದು ಹೋಗುತ್ತಿದೆ. ಟೈರೇ ಕಳಪೆಯಾ? ಗೇರು 48/16 (ಮುಂದೆ 48 ಹಲ್ಲು, ಹಿಂದೆ 16).

ಉತ್ತರ: ಟೈರಿನ ತಪ್ಪಲ್ಲ, ಲೆಕ್ಕದ ತಪ್ಪು. 48ನ್ನು 16ರಿಂದ ಭಾಗಿಸಿದರೆ ಸರಿಯಾಗಿ 3. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಮೂರು ಸುತ್ತು ಮುಗಿಸಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ನೀವು ಯಾವಾಗಲೂ ಒಂದೇ ಕಾಲು ಮುಂದಿಟ್ಟು ತಡೆಯುತ್ತೀರಿ, ಅಲ್ವಾ? ಹಾಗಾಗಿ ಪ್ರತಿ ಸಲವೂ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ. ಹಿಂದೆ 17 ಹಲ್ಲಿನ ಕಾಗ್ ಹಾಕಿ. ಗೇರು ಒಂಚೂರು ಹಗುರಾಗುತ್ತದೆ, ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ. ಮುಂದಿನ ಬ್ರೇಕ್ ಬಳಸಿದರೆ ಇಷ್ಟು ಜಾರಿಸುವ ಅಗತ್ಯವೇ ಬೀಳುವುದಿಲ್ಲ, ಅದು ಬೇರೆ ಮಾತು. ಕಾಗ್ ಬದಲಿಸುವಾಗ ಅದರ ಮೇಲಿನ ಲಾಕ್‌ರಿಂಗ್ ಉಲ್ಟಾ ಥ್ರೆಡ್ಡಿನದು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.